ಮೆಜೆಸ್ಟಿಕ್‌ಗೆ ಬಂದಿಳಿದ ನವರಂಗ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

'ನವರಂಗ್' ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಬೆಂಗಳೂರಿನವರಾದರೆ ರಾಜಾಜಿನಗರದ ಥಿಯೇಟರ್. ಸಿನಿಮಾಗೆ ಹೋಗದವರಿಗೆ ಅದೊಂದು ಬಸ್ ಸ್ಟಾಪ್. "ಯಾರ್ರೀ ನವರಂಗ್, ಮುಂದೆ ಬನ್ನಿ" ಅಂತ ಕಂಡಕ್ಟರ್ ಕೂಗೋದನ್ನ ಕೇಳಿಕೊಂಡೇ ಬೆಳೆದವನು ನಾನು. ಅದೇ ಹೆಸರಿನ ಒಂದು ಹಕ್ಕಿ ಇದೆ, ಅದು ಪ್ರತಿವರ್ಷ ರಾತ್ರಿ ಹೊತ್ತು ನಮ್ಮ ತಲೆ ಮೇಲೆ ಹಾರಿಕೊಂಡು ಹೋಗುತ್ತೆ ಅಂತ ನನಗೆ ಗೊತ್ತಾಗಿದ್ದು 23ನೇ ವಯಸ್ಸಿನಲ್ಲಿ. ಅದೂ ಕಾಡಿನಲ್ಲಲ್ಲ, ಮೆಜೆಸ್ಟಿಕ್‌ನಲ್ಲಿ.

ಇವತ್ತಿನ ಮಾತು ಅದರ ಬಗ್ಗೆ. ಒಂದು ಕಾಡುಜೀವಿಯನ್ನ ಬದುಕಿನಲ್ಲಿ ಮೊದಲನೇ ಸಲ ನೋಡಿದಾಗ ಆಗುತ್ತಲ್ಲ ಖುಷಿ, ಅದರ ಬಗ್ಗೆ. ಹಕ್ಕಿ ನೋಡುವವರ ಭಾಷೆಯಲ್ಲಿ ಅದಕ್ಕೆ 'ಲೈಫರ್' ಅಂತಾರೆ. ಅದೇ ಹಕ್ಕಿಯನ್ನ ಆಮೇಲೆ ಸಾವಿರ ಸಲ ನೋಡಬಹುದು, ಆದರೆ ಲೈಫರ್ ಆಗೋದು ಒಂದೇ ಸಲ. ಕೇಳೋಕೆ ಕ್ರಿಕೆಟ್ ಸ್ಕೋರ್ ಥರ ಇದೆ, ಪಟ್ಟಿ ಉದ್ದ ಮಾಡಿಕೊಳ್ಳೋ ಚಟ ಇರೋರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಿದೆ ಅಷ್ಟೆ.

ನನ್ನ ಹಿನ್ನೆಲೆ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಅಪ್ಪ ಗಾಂಧಿನಗರದ ಒಂದು ಲಾಡ್ಜ್‌ನಲ್ಲಿ ಮ್ಯಾನೇಜರ್. ನಾನು ಬಿಕಾಂ ಮುಗಿಸಿ, ಬೇರೆ ಕೆಲಸ ಸಿಗೋವರೆಗೂ ಅಂತ ಅದೇ ಲಾಡ್ಜ್‌ನ ಕೌಂಟರಿನಲ್ಲಿ ರಾತ್ರಿ ಡ್ಯೂಟಿಗೆ ಕೂತವನು, ಇನ್ನೂ ಕೂತಿದ್ದೀನಿ. ಮೆಜೆಸ್ಟಿಕ್‌ನ ರಾತ್ರಿ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಹುಬ್ಬಳ್ಳಿ ಬಸ್ಸಿಂದ ಇಳಿದವರು ಎರಡು ಗಂಟೆಗೆ ಬಂದು ರೂಮ್ ಕೇಳ್ತಾರೆ, ನಾಲ್ಕಕ್ಕೆ ತಿರುಪತಿ ಪಾರ್ಟಿ ಬಿಸಿನೀರು ಕೇಳುತ್ತೆ. ಬೀದಿ ತುಂಬಾ ಬೋರ್ಡುಗಳ ಬೆಳಕು. ನಕ್ಷತ್ರ ಅನ್ನೋದು ಹೋಟೆಲ್ ರೇಟಿಂಗ್‌ನಲ್ಲಿ ಮಾತ್ರ ಇರೋ ಜಾಗ ಅದು.

ಒಂದು ಅಕ್ಟೋಬರ್, ಮೂರನೇ ವಾರ. ಮೋಡ ಮುಚ್ಚಿಕೊಂಡಿತ್ತು, ಸಣ್ಣಗೆ ಹನೀತಿತ್ತು. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ನಮ್ಮ ರೂಮ್ ಬಾಯ್ ಮೆಟ್ಟಿಲು ಇಳಿದುಕೊಂಡು ಬಂದ. ರಾಯಚೂರು ಜಿಲ್ಲೆ ಲಿಂಗಸುಗೂರಿನ ಕಡೆಯ ಹುಡುಗ, ಆಗ ಅವನಿಗೆ ಹತ್ತೊಂಬತ್ತೋ ಇಪ್ಪತ್ತೋ. ಕೈಯಲ್ಲಿ ಸುತ್ತಿದ ಟವೆಲ್ಲು.

"ಅಣ್ಣಾ, ಇಲ್ನೋಡ್ರಿ. ಮ್ಯಾಲಿನ ಗ್ಲಾಸಿಗೆ ಏನೋ ಬಡೀತು. ಕೋಳಿಮರಿಯಾ ಏನಿದು? ಬಣ್ಣ ಹಚ್ಚಿ ಮಾರ್ತಾರಲ್ರೀ, ಹಂಗೈತಿ."

ಟವೆಲ್ ಬಿಚ್ಚಿದ. ನಾನು ಹುಟ್ಟಿದಾಗಿನಿಂದ ಕಂಡ ಹಕ್ಕಿ ಅಂದ್ರೆ ಕಾಗೆ, ಪಾರಿವಾಳ, ಹದ್ದು, ಆಗೊಮ್ಮೆ ಈಗೊಮ್ಮೆ ಗಿಳಿ. ಇಲ್ಲಿ ಇದ್ದದ್ದು ಒಂದು ಮುಷ್ಟಿ ಗಾತ್ರದ, ಬಾಲವೇ ಇಲ್ಲ ಅನ್ನಿಸೋ ಹಕ್ಕಿ. ಬೆನ್ನು ಹಸಿರು. ಭುಜದ ಹತ್ತಿರ ಯಾರೋ ನೀಲಿ ಇಂಕು ಚೆಲ್ಲಿದ ಹಾಗೆ ಒಂದು ಪಟ್ಟೆ. ಕಣ್ಣಿಗೆ ಅಗಲವಾಗಿ ಕಪ್ಪು ಕಾಡಿಗೆ, ಅದರ ಮೇಲೆ ಬಿಳಿ ಹುಬ್ಬು. ಗಂಟಲು ಬಿಳಿ. ನೆತ್ತಿ ಕಂದು, ನಡುವೆ ಕಪ್ಪು ಬೈತಲೆ. ಹೊಟ್ಟೆ ಕೆನೆ ಬಣ್ಣ, ಕೆಳಗೆ ಬಾಲದ ಬುಡದಲ್ಲಿ ಕುಂಕುಮ. ಕಾಲು ತಿಳಿಗುಲಾಬಿ. ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಎದೆ ಜೋರಾಗಿ ಏಳ್ತಾ ಇಳೀತಾ ಇತ್ತು. ನನ್ನನ್ನೇ ನೋಡ್ತಿತ್ತು.

ಆ ಕ್ಷಣ ನನಗೆ ಆಗಿದ್ದನ್ನ ಖುಷಿ ಅಂತ ಕರೆಯೋಕೆ ನಾನು ತುಂಬಾ ದಿನ ತಗೊಂಡೆ. ಮೊದಲು ಆಗಿದ್ದು ಒಂಥರಾ ಭಯ. ಇಂಥದ್ದೊಂದು ಈ ಜಗತ್ತಿನಲ್ಲಿ ಇದೆ, ಇಷ್ಟು ದಿನ ಇತ್ತು, ನನಗೆ ಯಾರೂ ಹೇಳಿರಲಿಲ್ಲ ಅನ್ನೋ ಭಯ. ನಮ್ಮ ಮನೆಯಲ್ಲೇ ಒಂದು ರೂಮಿದ್ದು ಅದರ ಬಾಗಿಲು ಈಗ ತೆರೆದ ಹಾಗೆ.

ಅಪ್ಪ ಎದ್ದು ಬಂದವರು "ಬಾಯಿಗೆ ಒಂದು ಹನಿ ನೀರು ಹಾಕೋ" ಅಂದರು. ಹುಡುಗ ಅನ್ನ ತರ್ತೀನಿ ಅಂತ ಹೊರಟ. ಪುಣ್ಯಕ್ಕೆ ನನ್ನ ಕಾಲೇಜಿನ ಸೀನಿಯರ್ ಒಬ್ಬರು ಹಕ್ಕಿ ಹುಚ್ಚಿನವರು, ಅವರಿಗೆ ಫೋಟೋ ಕಳಿಸಿದೆ. ಐದು ಗಂಟೆಗೆ ಯಾರು ನೋಡ್ತಾರೆ ಅಂದುಕೊಂಡೆ. ಹಕ್ಕಿ ನೋಡೋರು ಐದು ಗಂಟೆಗೆ ಎದ್ದಿರ್ತಾರೆ ಅಂತ ಆಮೇಲೆ ಗೊತ್ತಾಯ್ತು. ತಕ್ಷಣ ಫೋನ್ ಬಂತು. ನೀರು ಬೇಡ, ಅನ್ನ ಬೇಡ, ಫ್ಯಾನ್ ಬೇಡ. ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿ ಇಟ್ಟು ಮುಚ್ಚಿ, ಕತ್ತಲೆ ಇರೋ ಮೂಲೆಯಲ್ಲಿಡಿ, ಪದೇ ಪದೇ ತೆಗೆದು ನೋಡಬೇಡಿ. ರೆಕ್ಕೆ ಮುರಿದಿದ್ದರೆ ಕೆಂಗೇರಿಯ ಪೀಪಲ್ ಫಾರ್ ಆ್ಯನಿಮಲ್ಸ್ ಆಸ್ಪತ್ರೆಗೆ ತಗೊಂಡು ಹೋಗಬೇಕು, ಬರೀ ಮಂಕಾಗಿದ್ದರೆ ಸಂಜೆ ಹೊತ್ತಿಗೆ ಸರಿಹೋಗಬಹುದು. ಕೊನೆಯಲ್ಲಿ, "ಅದರ ಹೆಸರು ಗೊತ್ತಾ? ನವರಂಗ" ಅಂದರು.

ನಾನು ನಕ್ಕೆ. "ಸರ್, ಥಿಯೇಟರ್ ಅಲ್ವಾ?"

ಡಬ್ಬ ನಮ್ಮ ಲಿನನ್ ರೂಮಿನಲ್ಲಿ, ಒಗೆದ ಬೆಡ್‌ಶೀಟ್‌ಗಳ ನಡುವೆ ಇತ್ತು. ಡ್ಯೂಟಿ ಮುಗಿದರೂ ನಾನು ಮನೆಗೆ ಹೋಗಲಿಲ್ಲ. ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ.

ನೋಡಿ, ಈ ಹಕ್ಕಿಯ ಇಂಗ್ಲಿಷ್ ಹೆಸರು ಇಂಡಿಯನ್ ಪಿಟ್ಟ. 'ಪಿಟ್ಟ' ಅನ್ನೋದು ತೆಲುಗು ಮಾತು, ಪುಟ್ಟ ಹಕ್ಕಿ ಅಂತ ಅರ್ಥ. ನಮ್ಮ ಚಿಕ್ಕಪೇಟೆ ಬಳೇಪೇಟೆ ಗಲ್ಲಿಗಳಲ್ಲಿ ದಿನಾ ಕೇಳೋ ಒಂದು ತೆಲುಗು ಪದ ಜಗತ್ತಿನ ವಿಜ್ಞಾನದಲ್ಲಿ ಒಂದು ಇಡೀ ಹಕ್ಕಿಕುಲದ ಹೆಸರಾಗಿ ಕೂತಿದೆ. ಅದರ ವೈಜ್ಞಾನಿಕ ಹೆಸರು ಪಿಟ್ಟ ಬ್ರಾಕಿಯೂರ. ಬ್ರಾಕಿಯೂರ ಅಂದ್ರೆ ಮೊಟಕು ಬಾಲದ್ದು. 1766ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಕಾಗೆಗಳ ಗುಂಪಿಗೆ ಸೇರಿಸಿದ್ದ! ಇಷ್ಟು ಬಣ್ಣ ಇಟ್ಟುಕೊಂಡು ಕಾಗೆ ಅನ್ನಿಸಿಕೊಂಡ ಹಕ್ಕಿ ಇದು. ತಮಿಳಿನಲ್ಲಿ ಇದನ್ನ 'ಆರುಮಣಿಕ್ಕುರುವಿ' ಅಂತಾರೆ, ಆರು ಗಂಟೆ ಹಕ್ಕಿ. ಬೆಳಿಗ್ಗೆ ಆರು, ಸಂಜೆ ಆರರ ಆಸುಪಾಸಿನಲ್ಲಿ ಎರಡು ಸ್ವರದ ಒಂದು ಸಿಳ್ಳೆ ಹಾಕುತ್ತೆ, ಅದಕ್ಕೆ. ನನಗೆ ಆ ಹೆಸರೇ ಹೆಚ್ಚು ಇಷ್ಟ. ನವರಂಗ ಅಂದಾಗ ಒಂಬತ್ತು ಬಣ್ಣ ಎಣಿಸೋಕೆ ಹೋಗ್ತೀವಿ. ನಾನು ಎಷ್ಟು ಸಲ ಎಣಿಸಿದರೂ ಎಂಟಕ್ಕೆ ನಿಲ್ಲುತ್ತೆ, ಕಂದನ್ನ ಎರಡು ಮಾಡಿಕೊಂಡರೆ ಒಂಬತ್ತು.

ತೂಕ 50–60 ಗ್ರಾಂ. ಅಂದ್ರೆ ಒಂದು ಕೋಳಿಮೊಟ್ಟೆಯಷ್ಟು. ಮುಂಗಾರಿನ ಕಾಲದಲ್ಲಿ ಇದು ಹಿಮಾಲಯದ ತಪ್ಪಲಿನಲ್ಲಿ, ಮಧ್ಯಭಾರತದ ಕಾಡುಗಳಲ್ಲಿ ಗೂಡು ಕಟ್ಟುತ್ತೆ. ಮರಿ ಬೆಳೆದ ಮೇಲೆ ದಕ್ಷಿಣಕ್ಕೆ ಹೊರಡುತ್ತೆ, ನಮ್ಮ ಕಡೆಗೆ, ಕೇರಳ ತಮಿಳುನಾಡಿನ ಕಡೆಗೆ, ಸಮುದ್ರ ದಾಟಿ ಶ್ರೀಲಂಕಾಗೂ. ಡೆಹ್ರಾಡೂನ್ ಸುತ್ತಿನ ಕಾಡಿನಿಂದ ಹೊರಟಿದ್ದರೆ ಮೆಜೆಸ್ಟಿಕ್ ತಲುಪೋಕೆ ಹೆಚ್ಚುಕಮ್ಮಿ 1,900 ಕಿಲೋಮೀಟರ್. ಹಗಲೆಲ್ಲ ನೆಲದ ಮೇಲೆ ಕುಪ್ಪಳಿಸಿಕೊಂಡು ತರಗೆಲೆ ಕೆದರಿ ಹುಳ ತಿನ್ನೋ, ದೊಡ್ಡ ಹಾರಾಟಗಾರ ಅಂತ ಯಾರೂ ನಂಬದ ಹಕ್ಕಿ, ರಾತ್ರಿ ಹೊತ್ತು ಒಂಟಿಯಾಗಿ ಇಷ್ಟು ದೂರ ಬರುತ್ತೆ. ನಮ್ಮ ಗಿರಾಕಿಗಳು ಬೆಳಗಾವಿಯಿಂದ ಸ್ಲೀಪರ್ ಬಸ್ಸಿನಲ್ಲಿ ಬಂದು "ಸೊಂಟ ಹೋಯ್ತು" ಅಂತಾರೆ.

ಅದು ನಮ್ಮ ಗಾಜಿಗೆ ಯಾಕೆ ಬಂದು ಬಡಿಯಿತು ಅನ್ನೋದೂ ಓದ್ತಾ ಓದ್ತಾ ಗೊತ್ತಾಯ್ತು, ಅಲ್ಲಿಗೆ ಖುಷಿ ಸ್ವಲ್ಪ ಇಳಿಯಿತು. ರಾತ್ರಿ ಪಯಣಿಸೋ ಹಕ್ಕಿಗಳು ದಾರಿಗೆ ನಕ್ಷತ್ರಗಳನ್ನೂ ನೆಚ್ಚಿಕೊಂಡಿರುತ್ತವೆ. ಮೋಡ ಕವಿದ ರಾತ್ರಿಯಲ್ಲಿ ಮೇಲೆ ಏನೂ ಕಾಣಲ್ಲ, ಕೆಳಗಿನ ಊರಿನ ಬೆಳಕು ಎಳೆಯುತ್ತೆ. ಬೆಳಕಿನ ಸುತ್ತ ಸುತ್ತಿ ಸುತ್ತಿ ಸುಸ್ತಾಗುತ್ತವೆ, ಗಾಜನ್ನ ಗಾಳಿ ಅಂದುಕೊಂಡು ನುಗ್ಗುತ್ತವೆ. ಪಿಟ್ಟ ಈ ವಿಷಯದಲ್ಲಿ ಕುಖ್ಯಾತ. ವಲಸೆ ಕಾಲದಲ್ಲಿ ನಮ್ಮ ಊರುಗಳಲ್ಲಿ ಯಾರದೋ ಬಾಲ್ಕನಿಯಲ್ಲಿ, ಆಫೀಸಿನ ಕಾರಿಡಾರಿನಲ್ಲಿ, ಕಾರ್ ಪಾರ್ಕಿಂಗ್‌ನಲ್ಲಿ ಹೀಗೆ ಮಂಕಾಗಿ ಕೂತ ಪಿಟ್ಟ ಸಿಗೋದು ಹಕ್ಕಿ ನೋಡುವವರಿಗೆ ಹೊಸ ಸುದ್ದಿ ಅಲ್ಲ. ನಮ್ಮ ಲಾಡ್ಜ್‌ನ ಟೆರೇಸ್ ಮೇಲೆ ಬೋರ್ಡಿಗೆ ಹೊಡೆಯೋ ಎರಡು ಫೋಕಸ್ ಲೈಟ್ ಇದ್ದವು. ಅದರ ಎದುರಿಗೇ ಮೆಟ್ಟಿಲಿನ ಗಾಜು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಜಾಗ ಹಿಂದೆ ಕೆರೆ ಆಗಿತ್ತು, ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆ. ಈಗಲೂ ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರೋಡ್ ಅಂತಲೇ ಹೆಸರು, ಏರಿ ಇದ್ದದ್ದಕ್ಕೆ. ಕೆರೆ ಒಣಗಿತು, ಮೈದಾನ ಆಯ್ತು, ಬಸ್ ಸ್ಟ್ಯಾಂಡ್ ಆಯ್ತು, ಈಗ ಅದರ ಮಗ್ಗುಲಲ್ಲಿ ನೆಲದಡಿಯಲ್ಲಿ ಮೆಟ್ರೋ. ಈ ಹಕ್ಕಿಯ ಮುತ್ತಜ್ಜಂದಿರು ಈ ದಾರಿಯಲ್ಲಿ ಹೋಗುವಾಗ ಕೆಳಗೆ ಕತ್ತಲೆ, ನೀರು, ಏರಿ ಮೇಲಿನ ಮರ ಇದ್ದಿರಬೇಕು. ಸುಸ್ತಾದರೆ ಇಳಿಯೋಕೆ ಜಾಗ ಇತ್ತು. ದಾರಿ ಅದೇ, ಸ್ಟಾಪ್ ಮಾತ್ರ ನಾವು ಎತ್ತಿಬಿಟ್ಟಿದ್ದೀವಿ.

ಸಂಜೆ ಸೀನಿಯರ್ ಬಂದರು. ಡಬ್ಬ ತಗೊಂಡು ಕಬ್ಬನ್ ಪಾರ್ಕಿಗೆ ಹೋದೆವು, ನಾನು, ಅವರು, ಹಟ ಹಿಡಿದು ಬಂದ ನಮ್ಮ ಹುಡುಗ. ಬಿದಿರು ಮೆಳೆ ಇರೋ ಕಡೆ, ಜನ ಕಡಿಮೆ ಇದ್ದಲ್ಲಿ, ಡಬ್ಬ ನೆಲದ ಮೇಲಿಟ್ಟು ಮುಚ್ಚಳ ತೆಗೆದು ಹಿಂದೆ ಸರಿದು ನಿಂತೆವು. ಒಂದು ನಿಮಿಷ ಏನೂ ಆಗಲಿಲ್ಲ. ಎರಡು ನಿಮಿಷ. ಹುಡುಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಅವನ ಉಗುರು ಚುಚ್ಚೋದು ನನಗೆ ಗೊತ್ತಾಗ್ತಿತ್ತು. ಆಮೇಲೆ ತಲೆ ಕಾಣಿಸಿತು. ಡಬ್ಬದ ಅಂಚಿಗೆ ಹಾರಿ ಕೂತು, ಆ ಮೋಟು ಬಾಲವನ್ನ ಮೆಲ್ಲಗೆ ಮೇಲೆ ಕೆಳಗೆ ಆಡಿಸಿತು. ಬರ್‍ರ್ ಅಂತ ಹಾರಿದಾಗ ರೆಕ್ಕೆಯಲ್ಲಿ ಎರಡು ಬಿಳಿ ಮಚ್ಚೆ ಮಿಂಚಿತು. ಅಷ್ಟೇ. ಬಿದಿರಿನ ಒಳಗೆ ಹೋಯ್ತು.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಆದರೆ ವಾಪಸ್ ಬರೋವಾಗ ನಾನು ಸೀನಿಯರ್‌ನ ಕೇಳಿದೆ, "ಹಂಗಾದ್ರೆ ಇದು ನನ್ನ ಲೈಫರ್ ಆಯ್ತಾ?" ಅವರು ಸ್ವಲ್ಪ ಯೋಚಿಸಿ, ನಿಯಮದ ಪ್ರಕಾರ ಇಲ್ಲ ಅಂದರು. ಅಮೆರಿಕದ ಹಕ್ಕಿ ವೀಕ್ಷಕರ ಸಂಘದ ನಿಯಮ ಒಂದಿದೆಯಂತೆ: ಹಕ್ಕಿ ಜೀವಂತ ಇರಬೇಕು, ಕಾಡಿನದಾಗಿರಬೇಕು, ಬಂಧನದಲ್ಲಿ ಇರಬಾರದು. ಟವೆಲ್ಲಿನಲ್ಲಿ ಸುತ್ತಿದ ಹಕ್ಕಿ ಲೆಕ್ಕಕ್ಕಿಲ್ಲ. "ಡಬ್ಬದಿಂದ ಹಾರಿದ್ದು?" ಅಂದೆ. "ಅದನ್ನ ನೀನೇ ತೀರ್ಮಾನ ಮಾಡ್ಕೋ" ಅಂದರು.

ನನಗೆ ಮೊದಲು ರೇಗಿತು. ಅಮೆರಿಕದವರು ಯಾರು ಮೆಜೆಸ್ಟಿಕ್‌ನ ಹಕ್ಕಿಗೆ ನಿಯಮ ಮಾಡೋಕೆ? ಆದರೆ ಯೋಚನೆ ಮಾಡಿದಷ್ಟೂ ನಿಯಮ ಸರಿ ಅನ್ನಿಸಿತು. ಅದು ನನ್ನ ಹತ್ತಿರ ಬಂದದ್ದು ಸೋತು. ಅದು ತನ್ನ ಪಾಡಿಗೆ ತಾನು ಇದ್ದಾಗ ಹೇಗಿರುತ್ತೆ ಅಂತ ನಾನು ನೋಡೇ ಇರಲಿಲ್ಲ. ಅದನ್ನ ನೋಡಬೇಕು ಅನ್ನೋ ಆಸೆ ಶುರುವಾಯ್ತು.

ಎರಡು ಚಳಿಗಾಲ ಹುಡುಕಿದೆ. ತೇಜಸ್ವಿ ಅವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಅವೆನ್ಯೂ ರೋಡಿನಲ್ಲಿ ಹಳೇದು ಸಿಕ್ಕಿತು. ಬೈನಾಕ್ಯುಲರ್ ಸೆಕೆಂಡ್ ಹ್ಯಾಂಡ್. ಫೋನಿನಲ್ಲಿ ಮರ್ಲಿನ್ ಅಂತ ಆ್ಯಪ್, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು, ದುಡ್ಡಿಲ್ಲ. ಡ್ಯೂಟಿ ಮುಗಿಸಿ ಸೀದಾ ಲಾಲ್‌ಬಾಗ್ ಬಸ್ ಹತ್ತೋದು. 240 ಎಕರೆ ತೋಟ, ಹೈದರಾಲಿ ಶುರು ಮಾಡಿದ್ದು, ಅಲ್ಲಿ ಹಕ್ಕಿ ನೋಡುವವರು ತಿಂಗಳ ಎರಡನೇ ಭಾನುವಾರ ಸೇರೋ ರೂಢಿ ದಶಕಗಳಿಂದ ಇದೆ. ನಾನು ಹೋದ ಮೊದಲ ಭಾನುವಾರ ಒಬ್ಬ ರಿಟೈರ್ಡ್ ಮೇಷ್ಟ್ರು, ಇಬ್ಬರು ಸಾಫ್ಟ್‌ವೇರ್‌ನವರು, ಒಬ್ಬಳು ಆರನೇ ಕ್ಲಾಸಿನ ಹುಡುಗಿ. ಆ ಹುಡುಗಿಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿತ್ತು. ನಿದ್ದೆಗಣ್ಣಿನಲ್ಲಿ ನಾನು ಒಣಗಿದ ಎಲೆಯನ್ನ ತೋರಿಸಿ "ಅದ್ಯಾವ ಹಕ್ಕಿ?" ಅಂದಾಗಲೂ ಯಾರೂ ನಗಲಿಲ್ಲ.

ಪಿಟ್ಟ ಸಿಗಲಿಲ್ಲ, ಬೇರೆ ಎಲ್ಲ ಸಿಕ್ಕಿತು. ಮರದ ತುದಿಯಲ್ಲಿ ಕುಟ್ಕುಟ್ ಅನ್ನೋ ಕುಟ್ರು, ಹೊನ್ನಕ್ಕಿ, ಮಡಿವಾಳ ಹಕ್ಕಿ, ಕೆಂಬೂತ, ಬಿಳಿ ರಿಬ್ಬನ್ ಎಳೆದುಕೊಂಡು ಹೋದ ಹಾಗೆ ರಾಜಹಕ್ಕಿ. ಒಂದೊಂದೂ ಒಂದೊಂದು ಹಬ್ಬ. ಇನ್ನೂ ವಿಚಿತ್ರ ಅಂದ್ರೆ, ಕಣ್ಣು ಪಳಗಿದ ಮೇಲೆ ಮೆಜೆಸ್ಟಿಕ್ಕೇ ಬೇರೆ ಥರ ಕಾಣೋಕೆ ಶುರುವಾಯ್ತು. ಹತ್ತು ಗಂಟೆ ಬಿಸಿಲಿಗೆ ಬಸ್ ಸ್ಟ್ಯಾಂಡ್ ಮೇಲೆ ಬಿಸಿಗಾಳಿ ಏರುತ್ತೆ, ಅದನ್ನ ಹಿಡಿದುಕೊಂಡು ಕರಿಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತವೆ. ಅದರ ನಡುವೆ ಒಂದು ದಿನ ಬಿಳಿ ತಲೆಯ ಗರುಡ. ರೈಲ್ವೆ ಗೋಡೌನ್ ಕಡೆಯಿಂದ ರಾತ್ರಿ ಮೂರಕ್ಕೆ ಬಿಳಿ ಬಟ್ಟೆ ಹಾರಿದ ಹಾಗೆ ಸದ್ದಿಲ್ಲದೆ ಬರೋ ಕಣಜಗೂಬೆ. ನಮ್ಮ ವಾಚ್‌ಮನ್ ತಾತ ಅದನ್ನ ಇಪ್ಪತ್ತು ವರ್ಷದಿಂದ ನೋಡಿದ್ದರಂತೆ, ದೆವ್ವ ಅಂತ ಯಾರಿಗೂ ಹೇಳಿರಲಿಲ್ಲ. ಟೆರೇಸಿನಿಂದ ನೋಡಿದ್ದೇ 31 ಜಾತಿ ಆಗಿದೆ ಈಗ.

ನವೆಂಬರ್ ತಿಂಗಳ ಒಂದು ಬುಧವಾರ, ಲಾಲ್‌ಬಾಗ್, ಬೆಳಿಗ್ಗೆ ಆರೂಕಾಲು. ಮಂಜಿತ್ತು. ಕೇಳಿಸಿತು, ವ್ಹೀಟ್... ಟ್ಯೂ. ಎರಡೇ ಸ್ವರ. ಆರುಮಣಿ! ವಾಕಿಂಗ್‌ನವರು ಪಕ್ಕದಲ್ಲಿ ಶೇರು, ಶುಗರ್ ಅಂತ ಮಾತಾಡಿಕೊಂಡು ಹೋಗ್ತಿದ್ದರು. ನಾನು ಅಲ್ಲೇ ಕೂತುಬಿಟ್ಟೆ, ಒದ್ದೆ ನೆಲದ ಮೇಲೆ. ಇಪ್ಪತ್ತು ನಿಮಿಷ. ಕಾಲು ಜೋಮು ಹಿಡಿಯಿತು. ಆಮೇಲೆ ಪೊದೆ ಕೆಳಗೆ ಒಂದು ತರಗೆಲೆ ತಾನಾಗಿ ಮಗುಚಿಕೊಂಡಿತು. ಇನ್ನೊಂದು. ಅದರ ಹಿಂದೆ ಆ ಕಾಡಿಗೆ ಕಣ್ಣು. ಕುಪ್ಪಳಿಸಿತು, ನಿಂತಿತು, ಕೊಕ್ಕಿನಿಂದ ಎಲೆ ಎತ್ತಿ ಪಕ್ಕಕ್ಕೆ ಎಸೆಯಿತು, ಒಂದು ಎರೆಹುಳ ಎಳೆಯಿತು. ಎಷ್ಟು ಗತ್ತು ಅದರದು! ನನ್ನನ್ನ ನೋಡಿತು, ಲೆಕ್ಕಕ್ಕೇ ತಗೊಳ್ಳಲಿಲ್ಲ.

ನನಗೆ ಬೇಕಾಗಿದ್ದು ಅದೇ. ಲೆಕ್ಕಕ್ಕೆ ಬಾರದೆ ಇರೋದು. ಹಿಂದಿನ ಸಲ ಅದರ ಕಣ್ಣಿನಲ್ಲಿ ನಾನು ದೊಡ್ಡ ಗಂಡಾಂತರ ಆಗಿದ್ದೆ. ಈ ಸಲ ಬರೀ ಒಂದು ಕಲ್ಲು. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ. ಫೋಟೋ ತೆಗೆದಿಲ್ಲ. ಕೈ ಎತ್ತಿದ್ದರೆ ಹಾರಿಬಿಡ್ತಿತ್ತು.

ಜಾಗ ಎಲ್ಲಿ ಅಂತ ಗ್ರೂಪಿನಲ್ಲಿ ತುಂಬಾ ಜನ ಕೇಳಿದರು. ಹೇಳಲಿಲ್ಲ. ಇದರ ಬಗ್ಗೆ ನಮ್ಮಲ್ಲೇ ಜಗಳ ಇದೆ. ಖುಷಿ ಹಂಚಿಕೊಳ್ಳಬೇಕು ಅಂತ ಒಂದು ಕಡೆ, ಸರೀನೇ. ಆದರೆ ಒಂದು ಹಕ್ಕಿಯ ಜಾಗ ಹೊರಬಿದ್ದ ಮಾರನೇ ದಿನ ಉದ್ದ ಲೆನ್ಸ್ ಹಿಡಿದ ಗುಂಪು ಸೇರೋದು, ಫೋನಿನಲ್ಲಿ ಅದರ ಕೂಗು ಹಾಕಿ ಹಾಕಿ ಹೊರಗೆ ಕರೆಯೋದು ನಾನು ನೋಡಿದ್ದೀನಿ. ಆ ಕೂಗು ಕೇಳಿದ ಹಕ್ಕಿಗೆ ತನ್ನ ಜಾಗಕ್ಕೆ ಇನ್ನೊಂದು ಬಂತು ಅನ್ನಿಸುತ್ತೆ, ತಿನ್ನೋದು ಬಿಟ್ಟು ಜಗಳಕ್ಕೆ ಬರುತ್ತೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಹೊಟ್ಟೆ ತುಂಬಿಸಿಕೊಳ್ತಿರೋ ಹಕ್ಕಿಗೆ ಅದು ಬೇಕಾ? ಇಂಥ ಫೋಟೋಗೆ ನಾನು ಲೈಕ್ ಒತ್ತಲ್ಲ. ಒಬ್ಬರು ಕೇಳಿದರೆ ಒಬ್ಬರನ್ನ ಕರೆದುಕೊಂಡು ಹೋಗ್ತೀನಿ, ಲೊಕೇಶನ್ ಮಾತ್ರ ಹಾಕಲ್ಲ.

ಲೈಟಿನ ವಿಷಯಕ್ಕೆ ಬರ್ತೀನಿ. ಓನರ್ ಹತ್ತಿರ ಮಾತಾಡಿದೆ. "ಅಲ್ಲಯ್ಯಾ, ಮೆಜೆಸ್ಟಿಕ್‌ನಲ್ಲಿ ಲೈಟ್ ಆರಿಸಿದ್ರೆ ಲಾಡ್ಜ್ ಮುಚ್ಚಿದಾರೆ ಅಂದ್ಕೋತಾರೆ" ಅಂದರು. ತಪ್ಪೇನಿಲ್ಲ, ಅವರ ಹೊಟ್ಟೆಪಾಡು. ಅಪ್ಪ ಕರೆಂಟ್ ಬಿಲ್ ತೋರಿಸಿದರು, ಹಕ್ಕಿಗಿಂತ ಅದು ಕೆಲಸ ಮಾಡಿತು. ಈಗ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ರಾತ್ರಿ ಹನ್ನೆರಡರ ಮೇಲೆ ಟೆರೇಸಿನ ಎರಡು ಫೋಕಸ್ ಲೈಟ್ ಆಫ್. ಮುಂದಿನ ಬೋರ್ಡ್ ಉರಿಯುತ್ತೆ, ಅದಕ್ಕೆ ಒಪ್ಪಲಿಲ್ಲ. ಮೆಟ್ಟಿಲಿನ ಗಾಜಿಗೆ ಹೊರಗಿನಿಂದ ಬಿಳಿ ಪೇಂಟಿನಲ್ಲಿ ಒತ್ತೊತ್ತಾಗಿ ಚುಕ್ಕೆ ಇಟ್ಟಿದ್ದೀವಿ, ಗೇಣಿನ ಅರ್ಧದಷ್ಟೂ ಅಂತರ ಬಿಡದೆ. ರಂಗೋಲಿ ಹಾಕೋಕೆ ಚುಕ್ಕೆ ಇಟ್ಟು ಮರೆತ ಹಾಗಿದೆ ಅಂತ ಗಿರಾಕಿಗಳು ನಗ್ತಾರೆ. ಕೌಂಟರ್ ಕೆಳಗೆ ಎರಡು ರಟ್ಟಿನ ಡಬ್ಬ, ತೂತು ಸಮೇತ, ರೆಡಿ ಇರುತ್ತೆ. ಹಿಂದಿನ ಬೀದಿಯ ಲಾಡ್ಜ್‌ನವರು ಹೋದ ವರ್ಷ ಒಂದು ಡಬ್ಬ ಕೇಳಿ ಇಸ್ಕೊಂಡು ಹೋದರು. ಅವರಿಗೆ ಸಿಕ್ಕಿದ ಪಿಟ್ಟ ಬದುಕಲಿಲ್ಲ. ಕತ್ತು ಮುರಿದಿತ್ತು.

ನಿಮಗೆ ಹೀಗೆ ಯಾವುದಾದರೂ ಹಕ್ಕಿ ಸಿಕ್ಕಿದರೆ ಡಬ್ಬ, ಕತ್ತಲೆ, ಮೌನ ಇಷ್ಟು ನೆನಪಿಟ್ಟುಕೊಳ್ಳಿ, ಸೆಲ್ಫಿ ಬೇಡ. ಚೆಂದ ಇದೆ ಅಂತ ಪಂಜರ ತರೋಕೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಇನ್ನು ನಮ್ಮ ಲಿಂಗಸುಗೂರಿನ ಹುಡುಗ. ಅವನು ಕೆಲಸ ಬಿಟ್ಟು ಊರಿಗೆ ಹೋದ, ಅಣ್ಣನ ಜೊತೆ ಟ್ರ್ಯಾಕ್ಟರ್ ನೋಡಿಕೊಳ್ತಾನೆ. ಹೋದ ತಿಂಗಳು ಒಂದು ವಿಡಿಯೋ ಕಳಿಸಿದ. ಅಲುಗಾಡ್ತಿತ್ತು. ಹೊಲದ ಪಕ್ಕದ ಕರೆಂಟ್ ತಂತಿ ಮೇಲೆ ಒಂದು ಮಂಕು ಕಂದು ಹಕ್ಕಿ. ಏನೂ ವಿಶೇಷ ಇಲ್ಲ ಅನ್ನಿಸಿತು. ಅಷ್ಟರಲ್ಲಿ ಅದು ಹಾರಿತು, ರೆಕ್ಕೆ ಬಿಚ್ಚಿದ್ದೇ ತಡ ನೀಲಿ, ಒಳಗೆ ಇನ್ನೊಂದು ನೀಲಿ. ನೀಲಕಂಠ, ನಮ್ಮ ರಾಜ್ಯಪಕ್ಷಿ. ಹಿಂದೆಯೇ ವಾಯ್ಸ್ ನೋಟ್: "ಅಣ್ಣಾ, ಇದು ನಮ್ಮೂರಾಗ ದಿನಾ ಇರ್ತೈತಂತ. ನಮ್ಮಪ್ಪಗ ಗೊತ್ತೈತಿ, ನಮ್ಮಮ್ಮಗ ಗೊತ್ತೈತಿ. ನಾನs ನೋಡಿದ್ದಿಲ್ಲ ನೋಡ್ರಿ ಇಷ್ಟ್ ದಿನ. ನಿಮ್ಮ ಲಿಸ್ಟಿನ್ಯಾಗ ಐತೇನು?"

ಇಲ್ಲ, ನಾನು ಇನ್ನೂ ನೋಡಿಲ್ಲ. ವಿಡಿಯೋ ಲೆಕ್ಕಕ್ಕೆ ಬರಲ್ಲ. ದೀಪಾವಳಿ ರಶ್ ಮುಗಿದ ಮೇಲೆ ಎರಡು ದಿನ ರಜೆ ಕೇಳಿದ್ದೀನಿ, ಅಪ್ಪ ಹೂಂ ಅಂದಿದ್ದಾರೆ. ಲಿಂಗಸುಗೂರಿಗೆ ರಾತ್ರಿ ಬಸ್ಸು ನಮ್ಮ ಮೆಜೆಸ್ಟಿಕ್‌ನಿಂದಲೇ ಇದೆ.